ಮೂಸ್ ಬೇಟೆಗೆ ಹೊರಡುವ ಮುನ್ನ

ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’, ಕೆದಂಬಾಡಿ ಜತ್ತಪ್ಪ ರೈಗಳ ‘ಬೇಟೆಯ ನೆನಪುಗಳು’ ಮೊದಲಾದ ಕೃತಿಗಳ ಮೂಲಕವೇ ಬೇಟೆಯೆಂಬ ವ್ಯಾಪಾರವನ್ನು ಅರಿತಿರುವ ನಮ್ಮ ಇಂದಿನ ಓದುಗರಿಗೆ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಈ ದೇಶದಲ್ಲಿ ಅದರ ಪ್ರತ್ಯಕ್ಷಾನುಭವಕ್ಕೆ ಅವಕಾಶವಿಲ್ಲವಾದದ್ದರಿಂದ, ಬೇಟೆಯೆಂದೊಡನೆ ಮನಸ್ಸಿನಲ್ಲಿ ಮೂಡುವುದು ಸೋವಿನವರ ಕೂಗು, ಹಳುವಿನ ಮರೆಯಲ್ಲಿ ಉಸಿರು ಬಿಗಿಹಿಡಿದು ಕುಳಿತವನ ತಾಳ್ಮೆ, ಕೊನೆಗೊಂದು ಈಡು. ಈಡು ಬಿದ್ದಿತೆಂದರೆ ಕಥೆ ಬಹುಮಟ್ಟಿಗೆ ಮುಗಿಯಿತು. ಬಿದ್ದ ಮಿಗವನ್ನು ಗಳುವಿಗೆ ಕಟ್ಟಿ ಹೊತ್ತು ತರುವುದಕ್ಕೆ ನಾಲ್ಕಾರು ಹೆಗಲುಗಳು, ಪಾಲು ಹಾಕುವುದಕ್ಕೆ ಪಳಗಿದ ಕೈಗಳು, ಪಾಲು ಪಡೆಯುವುದಕ್ಕೆ ಕೇರಿಯ ಮನೆಗಳು, ಇವೆಲ್ಲವೂ ಆ ಕಥೆಯಲ್ಲಿ ಮೊದಲಿನಿಂದಲೂ ಸಿದ್ಧವಾಗಿಯೇ ಇರುತ್ತಿದ್ದವು. ಊರೊಂದು ಬೆನ್ನಿಗಿದ್ದುದರಿಂದ ಹೊರುವ ಚಿಂತೆ ಕೋವಿ ಹಿಡಿದವನನ್ನು ಬಾಧಿಸುತ್ತಿರಲಿಲ್ಲ. ಆ ಊರು ಬೆನ್ನಿಗಿಲ್ಲದ ಕಡೆ, ಹತ್ತಿರದ ರಸ್ತೆಯೇ ನೂರಾರು ಮೈಲಿ ದೂರವಿರುವ ಕಡೆ, ಆರುನೂರು ಏಳುನೂರು ಕಿಲೋಗ್ರಾಂ ತೂಗುವ ಮೃಗವೊಂದನ್ನು ಇಬ್ಬರು ಗೆಳೆಯರು ಉರುಳಿಸಿದರೆ ಮುಂದೇನು ಎಂಬ ಪ್ರಶ್ನೆಯೇ ಅಲಾಸ್ಕಾದ ಮೂಸ್ ಬೇಟೆಯ ತಿರುಳು. ಗೈಡಿನ ನೆರವಿಲ್ಲದೆ ಮೊದಲ ಬಾರಿ ಅಲ್ಲಿಗೆ ಹೊರಡುವ ಪರಸ್ಥಳದವನು ತನ್ನ ಯೋಜನೆಯನ್ನು ಈ ಪ್ರಶ್ನೆಯಿಂದಲೇ ಆರಂಭಿಸಿ, ಹಿಂದುಹಿಂದಕ್ಕೆ ನಡೆದು, ಕಟ್ಟಕಡೆಗೆ ಕೋವಿಯ ಬಳಿಗೆ ಬರತಕ್ಕದ್ದು. ನಾನೂ ಇಲ್ಲಿ ಅದೇ ಕ್ರಮವನ್ನು ಹಿಡಿಯುತ್ತೇನೆ.

ಮೊದಲು ಆ ಪ್ರಾಣಿಯ ಪರಿಚಯವಾಗಲಿ. ಮೂಸ್ ಹರಿಣಕುಲದಲ್ಲಿಯೇ ಅತಿ ಬೃಹತ್ತಾದದ್ದು. ಅದರ ಉಪಜಾತಿಗಳಲ್ಲಿಯೂ ಅಲಾಸ್ಕಾ ಮತ್ತು ಯೂಕಾನ್ ಪ್ರದೇಶಗಳದ್ದು ಎಲ್ಲಕ್ಕಿಂತ ದೊಡ್ಡದು. ಬಲಿತ ಗಂಡು 1,200ರಿಂದ 1,600 ಪೌಂಡ್, ಎಂದರೆ ಸುಮಾರು 540ರಿಂದ 725 ಕಿಲೋಗ್ರಾಂ ತೂಗುತ್ತದೆ. ನಮ್ಮ ಕಾಡಿನ ಕೊಬ್ಬಿದ ಕಡವೆಗಳು ಎರಡೋ ಮೂರೋ ಸೇರಿದರೆ ಅದರ ಮೈಯಾದೀತು. ಉದ್ದನೆಯ ಕಾಲು, ಇಳಿಬಿದ್ದ ಮೇಲ್ದುಟಿ, ಗಂಟಲ ಕೆಳಗೆ ಜೋಲುವ ತೊಗಲು, ಗೂನುಬೆನ್ನು: ಇವು ಕೂಡಿದ ಆ ಆಕೃತಿಯಲ್ಲಿ ಜಿಂಕೆಯ ಲಾಲಿತ್ಯವನ್ನು ಅರಸುವವನಿಗೆ ನಿರಾಶೆಯೇ ಗತಿ, ಆದರೆ ಸರೋವರದಲ್ಲಿ ಕತ್ತಿನವರೆಗೆ ಮುಳುಗಿ ನೀರಡಿಯ ಸಸ್ಯಗಳನ್ನು ಮೇಯುವುದಕ್ಕೂ, ಎದೆಮಟ್ಟದ ಹಿಮದಲ್ಲಿ ನಡೆದು ವಿಲ್ಲೋ ಪೊದೆಗಳ ಚಿಗುರುಕಡ್ಡಿಗಳನ್ನು ಮುರಿದು ತಿನ್ನುವುದಕ್ಕೂ ಇದಕ್ಕಿಂತ ಅನುರೂಪವಾದ ದೇಹವನ್ನು ಕಲ್ಪಿಸುವುದು ಕಷ್ಟ. ಅದರ ದೃಷ್ಟಿ ಮಂದ, ಶ್ರವಣವೂ ಘ್ರಾಣವೂ ತೀಕ್ಷ್ಣ. ಅಲಾಸ್ಕಾದಲ್ಲಿ ಈ ಪ್ರಾಣಿಗಳ ಸಂಖ್ಯೆ ಒಂದು ಮುಕ್ಕಾಲು ಲಕ್ಷದಿಂದ ಎರಡು ಲಕ್ಷದವರೆಗೆ ಇರಬಹುದೆಂದು ಅಲ್ಲಿನ ಮೀನು ಮತ್ತು ವನ್ಯಮೃಗ ಇಲಾಖೆಯ ಅಂದಾಜು. ವರ್ಷಕ್ಕೆ ಆರರಿಂದ ಎಂಟು ಸಾವಿರ ಬೇಟೆಯಾಗುತ್ತವೆ.

ಪರಸ್ಥಳದವನು ಅಲಾಸ್ಕಾವನ್ನೇ ಏಕೆ ಆರಿಸಿಕೊಳ್ಳುತ್ತಾನೆ ಎಂಬುದಕ್ಕೆ ಕಾರಣ ಕಾನೂನಿನಲ್ಲಿದೆ. ಕೆನಡಾದ ಯೂಕಾನ್, ಬ್ರಿಟಿಷ್ ಕೊಲಂಬಿಯಾ, ನ್ಯೂಫೌಂಡ್‌ಲೆಂಡ್‌ಗಳಲ್ಲಿ ಹೊರಗಿನವನು ಗೈಡಿನ ಅಥವಾ ಪರವಾನಗಿ ಪಡೆದ ವೃತ್ತಿಪರರ ಮೂಲಕವೇ ಬೇಟೆಗೆ ಹೋಗುವುದು ಸಾಮಾನ್ಯ ನಿಯಮ. ಅಮೆರಿಕದ ಮೊಂಟಾನಾ, ಮೇನ್ ಮುಂತಾದ ರಾಜ್ಯಗಳಲ್ಲಿ ಗೈಡಿನ ನಿರ್ಬಂಧವಿಲ್ಲದೆಯೂ ಹೋಗಬಹುದಾದರೂ, ಅಲ್ಲಿ ಪರವಾನಗಿ ದೊರೆಯುವುದು ಚೀಟಿ ಎತ್ತುವುದರ ಮೂಲಕ; ಹೆಸರು ಬರುವಷ್ಟರಲ್ಲಿ ಅರ್ಜಿದಾರನ ತಲೆ ನರೆತಿರುವುದು ಅಪರೂಪವೇನಲ್ಲ. ಅಲಾಸ್ಕಾದಲ್ಲಿ ಕಂದು ಕರಡಿ, ಡಾಲ್ ಕುರಿ, ಪರ್ವತದ ಮೇಕೆ ಈ ಮೂರಕ್ಕೆ ಹೊರರಾಜ್ಯದ ಅಮೆರಿಕನ್ನನು ಗೈಡನ್ನೋ ಅಲ್ಲಿಯೇ ನೆಲೆಸಿದ ಹತ್ತಿರದ ನೆಂಟನನ್ನೋ ಕರೆದುಕೊಂಡು ಹೋಗಬೇಕು, ಮೂಸ್‌ಗೆ ಬೇಕಾಗಿಲ್ಲ. ಅನೇಕ ವಿಭಾಗಗಳಲ್ಲಿ ಚೀಟಿಯ ಭಾಗ್ಯಪರೀಕ್ಷೆಯೂ ಇಲ್ಲ: ಪರಸ್ಥಳದವನ ಪರವಾನಗಿಗೆ 160 ಡಾಲರ್, ಮೂಸ್‌ನ ಲೋಹದ ಬಿಲ್ಲೆಗೆ 800 ಡಾಲರ್ ತೆತ್ತು, ಉಚಿತವಾಗಿ ಕೊಡುವ ಬೇಟೆಚೀಟಿಯನ್ನು ಪಡೆದು ಅಮೆರಿಕವಾಸಿಯಾದ ಯಾವನಾದರೂ ಹೋಗಬಹುದು. ಗೈಡಿನೊಡನೆ ಹೋಗುವ ಮೂಸ್ ಬೇಟೆಗೆ ಇಪ್ಪತ್ತು ಸಾವಿರ ಡಾಲರಿಗೆ ಮೇಲ್ಪಟ್ಟ ವೆಚ್ಚ ಸಾಮಾನ್ಯವಾಗಿರುವಾಗ, ಈ ತೆರೆದ ಬಾಗಿಲು ಸಾಧಾರಣ ಸಂಬಳದವರನ್ನು ಸೆಳೆಯುವುದು ಸಹಜ. ಬಾಗಿಲು ತೆರೆದಿದೆಯೆಂದ ಮಾತ್ರಕ್ಕೆ ದಾರಿ ಸುಗಮವೆಂದು ಭಾವಿಸುವುದರಲ್ಲಿಯೇ ತೊಂದರೆ ಇರುವುದು.

ಆ ತೊಂದರೆಯ ಅತಿ ಪ್ರಸಿದ್ಧವಾದ ದೃಷ್ಟಾಂತವು ಬೇಟೆಗಾರನದಲ್ಲ, ಒಬ್ಬ ಅಲೆಮಾರಿ ತರುಣನದು. ಕ್ರಿಸ್ಟೋಫರ್ ಮೆಕ್ಯಾಂಡ್ಲೆಸ್ ಎಂಬಾತನು 1992ರಲ್ಲಿ ನಾಗರಿಕತೆಯನ್ನು ತೊರೆದು ಅಲಾಸ್ಕಾದ ಸ್ಟ್ಯಾಂಪೀಡ್ ದಾರಿಯ ಪಾಳುಬಸ್ಸೊಂದರಲ್ಲಿ ನೆಲೆಸಿದ್ದಾಗ, ಜೂನ್ ತಿಂಗಳಿನಲ್ಲಿ ಒಂದು ಮೂಸ್ ಅವನ ಸಣ್ಣ ಕೋವಿಗೆ ಸಿಕ್ಕಿತು. ತಿಂಗಳುಗಟ್ಟಲೆ ಸಾಲುವಷ್ಟು ಆಹಾರ ಎದುರಿಗೆ ಬಿದ್ದಿದ್ದರೂ, ಆ ಮಾಂಸವನ್ನು ತೆಳುವಾಗಿ ಸೀಳಿ ಗಾಳಿಗೆ ಒಣಗಿಸುವ ಅಲ್ಲಿನ ಪದ್ಧತಿಯನ್ನರಿಯದೆ, ದಪ್ಪ ತುಂಡುಗಳಿಗೆ ಹೊಗೆ ಹಾಕಲು ಹೆಣಗಿದ. ನೊಣ ಮುತ್ತಿ, ಹುಳು ಬಿದ್ದು, ಬಹುಭಾಗ ಕೆಟ್ಟುಹೋಯಿತು. ಆ ಪ್ರಾಣಿಯನ್ನು ಕೊಲ್ಲಬಾರದಾಗಿತ್ತೆಂಬ ಪಶ್ಚಾತ್ತಾಪವನ್ನು ಅವನು ಬರೆದಿಟ್ಟಿದ್ದಾನೆ. ಅದೇ ವರ್ಷದ ಆಗಸ್ಟಿನಲ್ಲಿ ಹಸಿವಿನಿಂದ ಕೃಶನಾಗಿ ತೀರಿಕೊಂಡ. ಜಾನ್ ಕ್ರಾಕೌರ್ 1996ರಲ್ಲಿ ಈ ವೃತ್ತಾಂತವನ್ನು ಪುಸ್ತಕವಾಗಿಸಿದ ಮೇಲೆ ಲೋಕವು ಅವನ ಸಾಹಸವನ್ನು ಕುರಿತು, ಮೌಢ್ಯವನ್ನು ಕುರಿತು, ಬೇಕಾದಷ್ಟು ಚರ್ಚೆ ನಡೆಸಿದೆ. ನನಗಾದರೋ ಆ ಚರಿತ್ರೆಯಲ್ಲಿ ಅತ್ಯಂತ ಬೋಧಪ್ರದವಾಗಿ ತೋರುವುದು ಆ ಮಾಂಸದ ಪ್ರಸಂಗವೇ. ಕೊಲ್ಲುವ ಸಾಮರ್ಥ್ಯ ಅವನಲ್ಲಿತ್ತು. ಕೊಂದದ್ದನ್ನು ಉಳಿಸಿಕೊಳ್ಳುವ ಸಾಮರ್ಥ್ಯ ಇರಲಿಲ್ಲ.

ಅಲಾಸ್ಕಾದ ಶಾಸನವೂ ಇದನ್ನೇ ಮುಖ್ಯವೆಂದು ಬಗೆದಿದೆ. ತಿನ್ನಲು ಯೋಗ್ಯವಾದ ಮಾಂಸವನ್ನು ಕಾಡಿನಲ್ಲಿ ಬಿಟ್ಟು ಬರುವುದು ಅಲ್ಲಿ ದಂಡ, ಸೆರೆಮನೆ ಎರಡಕ್ಕೂ ಗುರಿಮಾಡುವ ಅಪರಾಧ. ಮುಂದೊಡೆಯನ್ನು ಮೊಣಕಾಲಿನ ಕೀಲಿನವರೆಗೆ, ಹಿಂದೊಡೆಯನ್ನು ಹಿಮ್ಮಡಿಯ ಕೀಲಿನವರೆಗೆ, ಕುತ್ತಿಗೆ ಎದೆಗಳ ಮಾಂಸವನ್ನು, ಬೆನ್ನೆಲುಬಿನ ಉದ್ದಕ್ಕೂ ಇರುವುದನ್ನು, ಪಕ್ಕೆಲುಬುಗಳ ನಡುವಣದನ್ನು ಕೂಡ ಬಿಡದೆ ತರಬೇಕು. ತಲೆ, ತೊಗಲು, ಕರುಳುಗಳನ್ನು ಬಿಡಬಹುದು. ಹಲವು ವಿಭಾಗಗಳಲ್ಲಿ ತೊಡೆಗಳನ್ನೂ ಪಕ್ಕೆಗಳನ್ನೂ ಎಲುಬಿನ ಸಮೇತವೇ ಕಾಡಿನಿಂದ ಹೊರಕ್ಕೆ ತರಬೇಕೆಂಬ ವಿಧಿಯೂ ಉಂಟು. ಬಿಡಿಸಿ ತಂದರೆ ಹೊರೆ ಹಗುರವಾಗುವುದು ದಿಟವಾದರೂ, ಎಲುಬಿನ ಮೇಲಿರುವ ಮಾಂಸ ಕೆಡುವುದು ನಿಧಾನವೆಂಬುದು ಅದರ ಹಿಂದಿನ ಯುಕ್ತಿ. ಎಲ್ಲಕ್ಕಿಂತ ಚೆನ್ನಾದ ವಿಧಿಯೆಂದರೆ ಕೊಂಬಿನದು: ಮಾಂಸವೆಲ್ಲವೂ ಹೊರಬೀಳುವ ತನಕ ಕೊಂಬನ್ನು ಹೊರಕ್ಕೆ ಒಯ್ಯುವಂತಿಲ್ಲ, ಕಟ್ಟಕಡೆಯ ಹೊರೆಯೊಡನೆಯೇ ಅದು ಬರಬೇಕು. ಮನುಷ್ಯನು ಮೊದಲು ಏನನ್ನು ಎತ್ತಿಕೊಂಡು ಓಡುತ್ತಾನೆಂಬುದನ್ನು ಚೆನ್ನಾಗಿ ಬಲ್ಲವನಾರೋ ಅದನ್ನು ಬರೆದಿರಬೇಕು.

ಇನ್ನು ಲೆಕ್ಕಕ್ಕೆ ಬರೋಣ. ಇಲಾಖೆಯವರು ಹೇಳುವಂತೆ 1,600 ಪೌಂಡಿನ ಮೂಸ್‌ನ ಒಳಭಾಗವನ್ನೂ ತೊಗಲನ್ನೂ ತೆಗೆದರೆ ಸುಮಾರು 950 ಪೌಂಡ್ ಉಳಿಯುತ್ತದೆ. ಅದರಲ್ಲಿ ಬಳಕೆಗೆ ಬರುವ ಮಾಂಸ 500 ಪೌಂಡ್, ಎಂದರೆ ಇನ್ನೂರಿಪ್ಪತ್ತೈದು ಕಿಲೋಗ್ರಾಮಿನಷ್ಟು. ಎಲುಬು ಕೂಡಿದ ಒಂದು ಹಿಂದೊಡೆಯೇ ಐವತ್ತು ಕಿಲೋವನ್ನು ಮೀರುತ್ತದೆ. ಇದನ್ನು ಒಬ್ಬನು ಬೆನ್ನಿಗೆ ಕಟ್ಟಿಕೊಂಡು, ಕಾಲಿಟ್ಟಲ್ಲಿ ಕುಸಿಯುವ ಹುಲ್ಲುಗುಪ್ಪೆಗಳ ಜೌಗಿನ ಮೇಲೆ, ಆಲ್ಡರ್ ಪೊದೆಗಳ ಹೆಣಿಗೆಯನ್ನು ಸೀಳಿಕೊಂಡು ಒಂದು ಮೈಲಿ ನಡೆದು, ಬರಿಗೈಯಲ್ಲಿ ಹಿಂದಿರುಗಿ, ಮತ್ತೆ ಹೊತ್ತು, ಹೀಗೆ ಏಳೆಂಟು ಬಾರಿ ಮಾಡಿದರೆ ಒಂದು ಪ್ರಾಣಿ ನೀರಿನ ದಡವನ್ನು ಸೇರೀತು. ಆದಕಾರಣವೇ ನದಿಯಿಂದಲೋ ವಿಮಾನ ಇಳಿಯುವ ಸರೋವರದಿಂದಲೋ ಒಂದು ಮೈಲಿಗಿಂತ ಆಚೆಗಿರುವ ಮೂಸ್ ಎಷ್ಟೇ ಭವ್ಯವಾಗಿರಲಿ, ಅದನ್ನು ನೋಡಿ ನಮಸ್ಕರಿಸಿ ಬಿಡತಕ್ಕದ್ದೆಂದು ಅನುಭವಿಗಳು ವಿಧಿಸುವುದು. ಮೊದಲ ಬಾರಿಗೆ ಹೋಗುವವನು ಆ ದೂರವನ್ನು ಅರ್ಧಕ್ಕೆ ಇಳಿಸಿಕೊಂಡರೆ ಇನ್ನೂ ಲೇಸು. ನೀರಿನಲ್ಲಿ ನಿಂತ ಮೂಸ್‌ಗಂತೂ ಈಡು ಹೊಡೆಯಲೇಬಾರದು. ಮುಳುಗಿದ ಏಳುನೂರು ಕಿಲೋ ಭಾರವನ್ನು ಹಿಮಶೀತಲವಾದ ನೀರಿನಿಂದ ದಡಕ್ಕೆಳೆಯುವುದು ಇಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ.

ದಡ ಸೇರಿದ ಮೇಲೆ ವಿಮಾನದ ಲೆಕ್ಕ. ಕರ್ನಾಟಕದ ಒಂಬತ್ತು ಪಟ್ಟು ವಿಸ್ತಾರವಾದ ಆ ರಾಜ್ಯದಲ್ಲಿ ರಸ್ತೆಗಳು ಬೆರಳೆಣಿಕೆಯಷ್ಟು. ಬೇಟೆಗಾರನನ್ನು ಒಳನಾಡಿಗೆ ಒಯ್ಯುವುದು ಪುಟ್ಟ ವಿಮಾನಗಳು. 1947ರಲ್ಲಿ ಮೊದಲು ಹಾರಿದ ಡಿ ಹ್ಯಾವಿಲೆಂಡ್ ಬೀವರ್ ಇಂದಿಗೂ, ಚಕ್ರದ ಬದಲು ತೇಲುದೋಣಿಗಳನ್ನು ತೊಟ್ಟು, ಸರೋವರಗಳಲ್ಲಿ ಇಳಿಯುತ್ತ ಏರುತ್ತ ಈ ಸೇವೆಯನ್ನು ನಡೆಸುತ್ತಿದೆ. ಪೈಪರ್ ಸೂಪರ್ ಕಬ್ ಎಂಬುದು ಅದಕ್ಕಿಂತಲೂ ಚಿಕ್ಕದು, ಪೈಲಟ್ಟಿನ ಬೆನ್ನಹಿಂದೆ ಒಬ್ಬನೇ ಕೂರಬಹುದಾದದ್ದು, ಆದರೆ ನದೀತೀರದ ಜಲ್ಲಿದಿಣ್ಣೆಯ ಮೇಲೂ ಇಳಿಯಬಲ್ಲದ್ದು. ಇವುಗಳ ಬಾಡಿಗೆಯನ್ನು ಗಂಟೆಯ ಲೆಕ್ಕದಲ್ಲಿಯೋ ಯಾತ್ರೆಯ ಲೆಕ್ಕದಲ್ಲಿಯೋ ವಸೂಲು ಮಾಡುತ್ತಾರೆ. ತಲೆಗೆ ಇಷ್ಟು ಪೌಂಡ್ ಸಾಮಾನು ಎಂಬ ಮಿತಿ ಕಟ್ಟುನಿಟ್ಟು. ಇಬ್ಬರು ಬೇಟೆಗಾರರು, ಅವರ ಡೇರೆ, ಹತ್ತು ದಿನದ ಆಹಾರ, ಕೋವಿಗಳು, ಎರಡು ಮೂಸ್‌ಗಳ ಸಾವಿರ ಪೌಂಡಿಗೂ ಮಿಕ್ಕ ಮಾಂಸ, ಬಾಗಿಲಿನಷ್ಟು ಅಗಲದ ಎರಡು ಜೊತೆ ಕೊಂಬು, ಇಷ್ಟನ್ನೂ ಒಂದೇ ಹಾರಾಟದಲ್ಲಿ ತರಬಲ್ಲ ಬೀವರ್ ಇಲ್ಲ. ಎರಡನೆಯ, ಮೂರನೆಯ ಹಾರಾಟದ ಹಣವನ್ನು ಹೊರಡುವ ಮೊದಲೇ ತೆಗೆದಿರಿಸದವನು ಕೊನೆಯ ದಿನ ಸರೋವರದ ದಡದಲ್ಲಿ ಪೈಲಟ್ಟಿನೊಡನೆ ಚೌಕಾಸಿಗೆ ನಿಲ್ಲಬೇಕಾಗುತ್ತದೆ. ರಬ್ಬರಿನ ತೆಪ್ಪದಲ್ಲಿ ನದಿಯಗುಂಟ ತೇಲುತ್ತ ಬೇಟೆಯಾಡುವ ಇನ್ನೊಂದು ಪದ್ಧತಿ ಉಂಟು. ಅದು ಬಲು ರಮ್ಯ, ಆದರೆ ಶರತ್ಕಾಲದಲ್ಲಿ ನೀರು ಇಳಿದ ಹೊಳೆಯಲ್ಲಿ ಮಾಂಸ ತುಂಬಿದ ತೆಪ್ಪವನ್ನು ಜಲ್ಲಿಯ ಮೇಲೆ ಎಳೆಯುವ ಪ್ರಸಂಗ ಬಂದಾಗ ರಮ್ಯತೆ ಕರಗುತ್ತದೆ. ಮೊದಲ ಯಾತ್ರೆಯಾದರೆ ಇಬ್ಬರಿಗೆ ಒಂದೇ ಮೂಸ್ ಸಾಕು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಇದನ್ನು ಗೆಳೆಯರಿಬ್ಬರೂ ಊರಿನಲ್ಲಿಯೇ ಒಪ್ಪಿ ಹೊರಡಬೇಕು. ಕಾಡಿನಲ್ಲಿ ಗೂಳಿಮೂಸ್ ಎದುರು ನಿಂತಿರುವಾಗ ಇಂಥ ಒಪ್ಪಂದಗಳು ಹುಟ್ಟುವುದಿಲ್ಲ.

ವಿಮಾನ ನಡೆಸುವವರಲ್ಲಿಯೂ ಭೇದವನ್ನರಿಯುವುದು ಅವಶ್ಯ. ಸಾಗಣೆದಾರನೆಂಬ ಪರವಾನಗಿ ಉಳ್ಳವನು ನಿಮ್ಮನ್ನು ಇಳಿಸಬಹುದು, ಎತ್ತಿಕೊಳ್ಳಬಹುದು. ಬೇಟೆಯಲ್ಲಿ ಜೊತೆಗೂಡುವುದಾಗಲಿ, ಮೃಗವನ್ನು ಹುಡುಕಿಕೊಡುವುದಾಗಲಿ ಅವನ ಅಧಿಕಾರದಲ್ಲಿಲ್ಲ. ಇದಲ್ಲದೆ, ವಿಮಾನದಲ್ಲಿ ಬಂದಿಳಿದ ದಿನವೇ ಮೂಸ್‌ಗೆ ಕೋವಿಯೆತ್ತುವಂತಿಲ್ಲ. ಮಾರನೆಯ ದಿನ ಬೆಳಗಿನ ಜಾವ ಮೂರು ಗಂಟೆ ಕಳೆಯಬೇಕು. ಆಕಾಶದಿಂದ ಕಂಡು, ನೆಲಕ್ಕಿಳಿದು, ಒಡನೆಯೇ ಹೊಡೆಯುವುದನ್ನು ಬೇಟೆಯೆನ್ನಲಾಗದೆಂದು ಆ ಜನ ತೀರ್ಮಾನಿಸಿರುವುದು ಸರಿಯಾಗಿಯೇ ಇದೆ. ಕೊಯುಕುಕ್ ನದಿಯ ಕೆಳಪಾತ್ರದ ನಿಯಂತ್ರಿತ ಪ್ರದೇಶದಲ್ಲಂತೂ ಮೂಸ್ ಬೇಟೆಗಾಗಿ ವಿಮಾನವನ್ನು ಬಳಸುವುದೇ ನಿಷಿದ್ಧ. ಅಲ್ಲಿಗೆ ದೋಣಿಯಲ್ಲಿಯೇ ಹೋಗಬೇಕು.

ಎಲ್ಲಿ ಇಳಿಯಬೇಕೆಂಬುದನ್ನು ನಕಾಶೆಯ ಮೇಲೆ ಬೆರಳಿಟ್ಟು ನಿರ್ಧರಿಸುವುದು ಸುಲಭವಲ್ಲ. ರಾಜ್ಯವನ್ನು 26 ಮೃಗನಿರ್ವಹಣಾ ವಿಭಾಗಗಳಾಗಿ ಹಂಚಿದ್ದಾರೆ. ಒಂದೊಂದರಲ್ಲಿಯೂ ಋತು ಬೇರೆ, ಕೊಂಬಿನ ನಿಯಮ ಬೇರೆ, ಕೆಲವೆಡೆ ಹೊರಗಿನವನಿಗೆ ಪ್ರವೇಶವೇ ಇಲ್ಲ. ಅದರ ಮೇಲೆ ಭೂಮಿಯ ಒಡೆತನದ ತೊಡಕು ಬೇರೆ. 1971ರ ಶಾಸನದಿಂದ ಅಲಾಸ್ಕಾದ ಮೂಲನಿವಾಸಿಗಳ ಸಂಸ್ಥೆಗಳಿಗೆ ಸುಮಾರು 4 ಕೋಟಿ 40 ಲಕ್ಷ ಎಕರೆ ನೆಲ ಸಂದಿತು. ಅದು ಖಾಸಗಿ ಸ್ವತ್ತು, ಅದರಲ್ಲಿ ಬಹುಪಾಲು ಹಳ್ಳಿಗಳ ಸುತ್ತಲೂ ನದಿಗಳ ದಡದಲ್ಲೂ ಇರತಕ್ಕದ್ದು, ಅಪ್ಪಣೆಯಿಲ್ಲದೆ ಅಲ್ಲಿ ಡೇರೆ ಹಾಕುವುದು ಅತಿಕ್ರಮಣ. ರಾಷ್ಟ್ರೀಯ ಉದ್ಯಾನಗಳಲ್ಲಿ ಹವ್ಯಾಸದ ಬೇಟೆಗೆ ಎಡೆಯಿಲ್ಲ. ಪ್ರಿಸರ್ವ್ ಎಂಬ ಹೆಸರಿನ ಪಕ್ಕದ ನೆಲದಲ್ಲಿ ಉಂಟು. 1980ರ ಕೇಂದ್ರ ಶಾಸನವು ಒಕ್ಕೂಟ ಸರ್ಕಾರದ ನೆಲದಲ್ಲಿ ಗ್ರಾಮವಾಸಿಗಳ ಜೀವನಾಧಾರದ ಬೇಟೆಗೆ ಆದ್ಯತೆಯನ್ನು ಕೊಟ್ಟಿರುವುದರಿಂದ, ಮೃಗಗಳ ಸಂಖ್ಯೆ ಇಳಿದಾಗ ಮೊದಲು ಮುಚ್ಚುವುದು ಹೊರಗಿನವನ ಬಾಗಿಲೇ.

ಅದು ನ್ಯಾಯವೂ ಹೌದು. ಯೂಕಾನ್, ಕುಸ್ಕೊಕ್ವಿಮ್ ನದಿಗಳ ದಡದ ಹಳ್ಳಿಯವನಿಗೆ ಒಂದು ಮೂಸ್ ಎಂದರೆ ಚಳಿಗಾಲದ ಅನ್ನ. ಅಂಗಡಿಯ ಮಾಂಸ ವಿಮಾನದಲ್ಲಿ ಬಂದು ಬೆಲೆ ಗಗನಕ್ಕೇರಿರುತ್ತದೆ. ಪರಸ್ಥಳದವನಿಗೆ ಅದೇ ಮೂಸ್ ಒಂದು ಬಯಕೆ. ರಾಜ್ಯದ ಸಂವಿಧಾನವು ವನ್ಯಮೃಗಗಳನ್ನು ಜನರ ಸಾಮಾನ್ಯ ಬಳಕೆಗೆಂದು ಕಾದಿರಿಸಿ, ಎಂದಿಗೂ ಬತ್ತದಂತೆ ಕಾಪಾಡಬೇಕೆಂದು ವಿಧಿಸಿರುವಾಗ, ಬಯಕೆಯವನು ಅನ್ನದವನ ಹಿಂದೆ ನಿಲ್ಲುವುದು ಧರ್ಮ. ಹೆಚ್ಚಾದ ಮಾಂಸವನ್ನು ಹಳ್ಳಿಯವರಿಗೆ ಕೊಡುವ ರೂಢಿಯಿದೆ; ಆಗ ಹಸ್ತಾಂತರದ ಕಾಗದವನ್ನು ಬರೆದುಕೊಡಬೇಕು. ಆದರೆ ಕೆಟ್ಟುಹೋಗುತ್ತಿರುವುದನ್ನು, ಹೊರಲಾರದ್ದನ್ನು, ದಾನವೆಂಬ ಹೆಸರಿನಲ್ಲಿ ಅವರ ಅಂಗಳಕ್ಕೆ ತಳ್ಳಿ ಹೋಗುವುದು ದಾನವಾಗದು.

ಕೊಂಬಿನ ವಿಚಾರವನ್ನು ಕೊಂಚ ವಿಸ್ತರಿಸಿ ಹೇಳಬೇಕಾಗಿದೆ, ಏಕೆಂದರೆ ಮೊದಲಿಗನು ಸೆರೆಮನೆಯ ಹೊಸ್ತಿಲಿಗೆ ಹೋಗುವ ದಾರಿ ಬಹುಮಟ್ಟಿಗೆ ಇದೇ. ಪರಸ್ಥಳದವನು ಬಹುತೇಕ ಎಲ್ಲ ಕಡೆಯಲ್ಲಿಯೂ ಗಂಡನ್ನು ಮಾತ್ರ, ಅದರಲ್ಲಿಯೂ ಕೊಂಬಿನ ಹರವು 50 ಅಂಗುಲ ಇರುವುದನ್ನೋ, ಇಲ್ಲವೆ ಒಂದು ಪಕ್ಕದಲ್ಲಾದರೂ ಹುಬ್ಬುಕವಲುಗಳು ವಿಭಾಗಕ್ಕೆ ತಕ್ಕಂತೆ ಮೂರೋ ನಾಲ್ಕೋ ಇರುವುದನ್ನೋ ಹೊಡೆಯಬಹುದು. ಹುಬ್ಬುಕವಲೆಂದರೆ ಹಣೆಯ ಬಳಿ, ಮುಖ್ಯ ಹಲಗೆಯಿಂದ ಬೇರೆಯಾಗಿ, ಮುಂದಕ್ಕೆ ಚಾಚಿರುವ ಮೊನೆಗಳು. ಮೊನೆಯೆನಿಸಿಕೊಳ್ಳಲು ಅದು ಒಂದು ಅಂಗುಲಕ್ಕೆ ಕಡಮೆಯಿಲ್ಲದೆ, ಅಗಲಕ್ಕಿಂತ ಉದ್ದವಾಗಿರಬೇಕು. ಈ ಬಗೆಯ ನಿಯಮವನ್ನು 1987ರಲ್ಲಿ ಕೀನಾಯ್ ಪರ್ಯಾಯದ್ವೀಪದಲ್ಲಿ ಮೊದಲು ಜಾರಿಗೆ ತಂದರು. ಎಳೆಯವುಗಳಲ್ಲಿ ಕೆಲವನ್ನೂ ಬಹು ಬಲಿತವನ್ನೂ ಬೇಟೆಗೆ ಬಿಟ್ಟು, ನಡುಪ್ರಾಯದ ಗಂಡುಗಳನ್ನು ಸಂತಾನಕ್ಕಾಗಿ ಉಳಿಸುವುದು ಅದರ ಉದ್ದೇಶ. ಎಳೆಯವನ್ನು ಹೊಡೆಯುವ ಸವಲತ್ತು ಮಾತ್ರ ಅನೇಕ ವಿಭಾಗಗಳಲ್ಲಿ ಸ್ಥಳೀಯರಿಗೆ ಮೀಸಲು. ಕಾಗದದ ಮೇಲೆ ಇದು ಸರಳ. ಇಬ್ಬನಿಯ ಬೆಳಗಿನಲ್ಲಿ, ಇನ್ನೂರು ಗಜದಾಚೆ, ಪೊದೆಯ ನಡುವೆ ತಲೆಯಾಡಿಸುತ್ತ ನಿಂತಿರುವ ಪ್ರಾಣಿಯ ಕೊಂಬು 48 ಅಂಗುಲವೋ 51 ಅಂಗುಲವೋ ಎಂಬುದನ್ನು ಅಳತೆಪಟ್ಟಿಯಿಲ್ಲದೆ ಹೇಳುವುದು, ಅದೂ ಹೃದಯ ಬಾಯಿಗೆ ಬಂದಿರುವಾಗ, ಯಾರಿಗೂ ಸುಲಭವಲ್ಲ. ಮನಸ್ಸು ಬಯಸಿದ್ದನ್ನೇ ಕಣ್ಣು ಅಳೆಯುತ್ತದೆ. ಆದುದರಿಂದ ಹರವನ್ನು ನಂಬದೆ ಹುಬ್ಬುಕವಲುಗಳನ್ನು ದೂರದರ್ಶಕದಲ್ಲಿ ಎಣಿಸಿ, ಎಣಿಕೆ ಸಂದೇಹಕ್ಕೆ ಎಡೆಯಿಲ್ಲದಂತೆ ಮುಗಿದ ಮೇಲೆಯೇ ಕೋವಿಯೆತ್ತುವುದು ಬುದ್ಧಿವಂತಿಕೆ. ಇಲಾಖೆಯವರು ಇದನ್ನು ಕಲಿಸುವ ಚಲನಚಿತ್ರವನ್ನು ಉಚಿತವಾಗಿ ತೋರಿಸುತ್ತಾರೆ. ಕೆಲವು ವಿಭಾಗಗಳಲ್ಲಿ ಗೈಡಿಲ್ಲದ ಪರಸ್ಥಳದವನು ಇಂಥ ಪಾಠವನ್ನು ಮುಗಿಸಿರಲೇಬೇಕು. ತಪ್ಪಿ ಹೊಡೆದವನು ಮಾಂಸವನ್ನೆಲ್ಲ ಕಾಪಾಡಿ ತಾನಾಗಿಯೇ ಅಧಿಕಾರಿಗಳಿಗೆ ಒಪ್ಪಿಸತಕ್ಕದ್ದು. ಬಚ್ಚಿಟ್ಟವನಿಗಿಂತ ಒಪ್ಪಿಕೊಂಡವನನ್ನು ಆ ರಾಜ್ಯ ಮೃದುವಾಗಿಯೇ ನಡೆಸಿಕೊಳ್ಳುತ್ತದೆ.

ಕಾಲದ ಆಯ್ಕೆಯಲ್ಲಿ ಒಂದು ದ್ವಂದ್ವವಿದೆ. ಹೊರಗಿನವನಿಗೆ ಬಹಳ ವಿಭಾಗಗಳಲ್ಲಿ ಋತುವಿರುವುದು ಸೆಪ್ಟೆಂಬರಿನಲ್ಲಿ, ಬಹುಮಟ್ಟಿಗೆ 5ರಿಂದ 25ರವರೆಗಿನ ಅವಧಿಯ ಒಳಗೆ. ಮೂಸ್‌ಗಳ ಬೆದೆ ಉಚ್ಚಾವಸ್ಥೆಗೆ ಬರುವುದು ಸೆಪ್ಟೆಂಬರಿನ ಕೊನೆ, ಅಕ್ಟೋಬರಿನ ಆರಂಭದಲ್ಲಿ. ತಿಂಗಳ ಮೊದಲಲ್ಲಿ ಹೋದರೆ ಗಂಡುಗಳು ಕೊಂಬಿನ ಮಖಮಲ್ ತೊಗಲನ್ನು ಆಗತಾನೇ ಉಜ್ಜಿ ಕಳೆದು ಮೌನವಾಗಿರುತ್ತವೆ, ಮಾಂಸಕ್ಕೆ ಸೆಕೆಯ ಭಯವೂ ಉಂಟು. ಕೊನೆಯಲ್ಲಿ ಹೋದರೆ ಅವು ಕರೆಗೆ ಓಗೊಡುತ್ತವೆ, ರಾತ್ರಿಯ ಹೆಪ್ಪು ಮಾಂಸವನ್ನು ಕಾಯುತ್ತದೆ, ಆದರೆ ಹವೆ ಕೆಟ್ಟು ವಿಮಾನ ಬಾರದೆ ಉಳಿಯುವ ಸಂಭವ ಹೆಚ್ಚು. ಎರಡರಲ್ಲಿ ಕೊನೆಯ ಭಾಗವನ್ನೇ ನಾನು ಮೆಚ್ಚುತ್ತೇನೆ. ಅಂಗೈಗಳನ್ನು ಬಾಯಿಗೆ ಬೊಗಸೆಯಾಗಿ ಹಿಡಿದು ಹೆಣ್ಣಿನ ದೀರ್ಘವಾದ ನರಳುವಿಕೆಯನ್ನು ಅನುಕರಿಸಿ, ಗಂಡಿನ ಮೊಟಕಾದ ಗಂಟಲ ಹೂಂಕಾರವನ್ನು ಹೊರಡಿಸಿ, ಮೂಸ್‌ನದೇ ಒಣಗಿದ ಹೆಗಲೆಲುಬಿನಿಂದ ಪೊದೆಗಳನ್ನು ಕೆರೆದರೆ, ಪ್ರತಿಸ್ಪರ್ಧಿಯೊಬ್ಬ ಕೊಂಬು ತಿಕ್ಕುತ್ತಿರುವನೆಂದು ಬಗೆದು ದೂರದ ಗೂಳಿ ಹೊರಡುತ್ತದೆ. ಅದು ಒಡನೆಯೇ ಬರಬೇಕೆಂದಿಲ್ಲ. ಮಾರನೆಯ ದಿನವೋ ಅದರ ಮಾರನೆಯ ದಿನವೋ ಕರೆದ ಸ್ಥಳಕ್ಕೇ ಬಂದು ನಿಲ್ಲುವುದುಂಟು. ಆದಕಾರಣ ಕೂಗಿ ಓಡಾಡುವವನಿಗಿಂತ ಕೂಗಿ ಕುಳಿತವನಿಗೆ ಫಲ ಹೆಚ್ಚು. ಮರಸು ಕೂರುವುದೆಂದರೇನೆಂದು ಬಲ್ಲ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೋವಿಯ ಬಗ್ಗೆ ಹೇಳುವುದು ಸ್ವಲ್ಪ. ಹೊಸಬರು ಅತಿಯಾಗಿ ಚರ್ಚಿಸುವುದೂ ಅತಿ ಕಡಮೆ ಮಹತ್ತ್ವವುಳ್ಳದ್ದೂ ಅದೇ. 180 ಗ್ರೇನಿನ ಒಳ್ಳೆಯ ಗುಂಡನ್ನು ಹಾರಿಸುವ .30-06 ರೈಫಲ್ ಸಾಕು. ಪರಿಚಯವಿಲ್ಲದ ಭಾರೀ ಮ್ಯಾಗ್ನಮ್ಮಿಗಿಂತ ಕೈಗೆ ಒಗ್ಗಿದ ಹಳೆಯ ಕೋವಿಯೇ ಮೇಲು. ಹೃದಯ ಶ್ವಾಸಕೋಶಗಳಿರುವ ಎದೆಯ ಭಾಗಕ್ಕೆ ಗುಂಡು ತಗಲಿದರೂ ಮೂಸ್ ಕೆಲವು ಕ್ಷಣ ಏನೂ ಆಗದಂತೆ ನಿಂತಿರುವುದುಂಟು, ನಾಲ್ಕು ಹೆಜ್ಜೆ ನಡೆಯುವುದುಂಟು. ಗುರಿ ತಪ್ಪಿತೆಂದು ಗಾಬರಿಗೊಳ್ಳಬಾರದು.

ಬಿದ್ದಿತು. ಬಿಲ್ಲೆಯನ್ನು ಒಡನೆಯೇ ಬೀಗದಂತೆ ಬಿಗಿದದ್ದಾಯಿತು. ಇನ್ನು ಮಾಂಸದ ಶತ್ರುಗಳು ಮೂರು: ಸೆಕೆ, ತೇವ, ಕೊಳೆ. ಅಷ್ಟು ದೊಡ್ಡ ದೇಹದ ಒಳಗಿನ ಕಾವು ತೊಗಲಿನ ಕಂಬಳಿಯ ಅಡಿಯಲ್ಲಿ ಗಂಟೆಗಟ್ಟಲೆ ಆರುವುದಿಲ್ಲ. ಹಿಂದೊಡೆಯ ಎಲುಬಿನ ಸುತ್ತ ಮಾಂಸ ಹುಳಿಯುವುದು ಅಲ್ಲಿಂದಲೇ ಆರಂಭ. ಆದ್ದರಿಂದ ಛಾಯಾಚಿತ್ರಗಳ ಸಡಗರವನ್ನು ಮೊಟಕುಗೊಳಿಸಿ, ತೊಗಲನ್ನು ಸುಲಿದು, ತೊಡೆಗಳನ್ನು ಬೇರ್ಪಡಿಸಿ, ಗಾಳಿಯಾಡುವ ಬಟ್ಟೆಯ ಚೀಲಗಳಲ್ಲಿ ಹಾಕಬೇಕು. ಪ್ಲಾಸ್ಟಿಕ್ ಚೀಲ ಕೂಡದು. ಗಂಡೆಂಬುದಕ್ಕೆ ದೇಹದ ಪುರಾವೆ ತೊಡೆಯೊಂದಕ್ಕೆ ಸಹಜವಾಗಿ ಅಂಟಿಕೊಂಡೇ ಇರುವಂತೆ ಕೊಯ್ಯಬೇಕೆಂಬ ನಿಯಮವನ್ನು, ಕತ್ತಿಯ ಭರದಲ್ಲಿ ಮರೆಯಬಾರದು. ನೆಲದಿಂದ ಮೇಲೆ ಅಡ್ಡಲಾಗಿ ಗಳುವನ್ನು ಕಟ್ಟಿ ತೂಗುಹಾಕಿ, ಮೇಲೊಂದು ಟಾರ್ಪಾಲು ಹೊದಿಸಿ, ಪಕ್ಕಗಳನ್ನು ಗಾಳಿಗೆ ಬಿಟ್ಟರೆ, ಮೇಲ್ಮೈ ಒಣಗಿ ತೊಗಲಿನಂಥ ಪೊರೆ ಕಟ್ಟುತ್ತದೆ. ಆ ಪೊರೆ ನೊಣಕ್ಕೂ ಕೊಳೆತಕ್ಕೂ ತಡೆ. ಹೀಗೆ ಕಾಪಾಡಿದ ಮಾಂಸ ತಂಪಿನ ದಿನಗಳಲ್ಲಿ ಒಂದು ವಾರ ನಿರಾತಂಕವಾಗಿ ಇರುತ್ತದೆ.

ನಾಲ್ಕನೆಯ ಶತ್ರುವಿಗೆ ಕಾಲುಗಳಿವೆ. ಕಂದು ಕರಡಿ ನೆತ್ತರಿನ ವಾಸನೆಯನ್ನು ಹಿಡಿದು ಬರುತ್ತದೆ. ಕಂಡ ಮಾಂಸ ತನ್ನದೆಂದೇ ತಿಳಿಯುತ್ತದೆ. ಮಾಂಸವನ್ನು ಕರುಳಿನ ರಾಶಿಯಿಂದ ಬೇಗ ದೂರ ಸಾಗಿಸಬೇಕು. ಡೇರೆಯ ಮಗ್ಗುಲಿನಲ್ಲಿಡದೆ, ದೂರದಿಂದಲೇ ಕಾಣುವ ಬಯಲಿನಲ್ಲಿ ಇಟ್ಟು, ಬ್ಯಾಟರಿಯ ವಿದ್ಯುತ್ ಬೇಲಿಯನ್ನು ಸುತ್ತಬೇಕು. ಹಿಂದಿರುಗಿ ಹೋಗುವಾಗ ಗಟ್ಟಿಯಾಗಿ ಮಾತಾಡುತ್ತ, ಗಾಳಿಯ ದಿಕ್ಕನ್ನು ನೋಡಿಕೊಂಡು ಹೋಗಬೇಕು. ಕರಡಿ ಆಗಲೇ ವಶಪಡಿಸಿಕೊಂಡಿದ್ದರೆ ವಾದಕ್ಕಿಳಿಯಬಾರದು.

ಉಳಿದ ಸಿದ್ಧತೆಗಳು ಯಾವ ದೂರಯಾತ್ರೆಗೂ ಸಾಮಾನ್ಯವಾದುವು. ಮೊಣಕಾಲು ಮೀರಿದ ರಬ್ಬರ್ ಬೂಟು, ಉಣ್ಣೆಯ ಉಡುಪು, ಉಪಗ್ರಹದ ಮೂಲಕ ಸಂದೇಶ ಕಳಿಸುವ ಯಂತ್ರ, ಗೊತ್ತಾದ ದಿನಕ್ಕೆ ವಿಮಾನ ಬಾರದಿದ್ದರೆ ಸಾಲುವಂತೆ ನಾಲ್ಕಾರು ದಿನದ ಹೆಚ್ಚಿನ ಆಹಾರ, ಇವನ್ನು ಯಾರೂ ಮರೆಯುವುದಿಲ್ಲ. ಮರೆಯುವುದು ಆಂಕರೇಜಿನಲ್ಲೋ ಫೇರ್‌ಬ್ಯಾಂಕ್ಸ್‌ನಲ್ಲೋ ಮಾಂಸವನ್ನು ಕೊಯ್ದು, ಹೆಪ್ಪುಗಟ್ಟಿಸಿ, ಪೆಟ್ಟಿಗೆಗೆ ತುಂಬುವವರೊಡನೆ ಮುಂಚಿತವಾಗಿ ಮಾತಾಡಿಡುವುದನ್ನು. ಸೆಪ್ಟೆಂಬರಿನಲ್ಲಿ ಅವರ ಮನೆಬಾಗಿಲಲ್ಲಿ ರಾಜ್ಯದ ಬೇಟೆಗಾರರೆಲ್ಲ ನಿಂತಿರುತ್ತಾರೆ. ಬೇಟೆಚೀಟಿಯ ವರದಿಯನ್ನು, ಹೊಡೆದರೆ ಹದಿನೈದು ದಿನದೊಳಗೆ, ಹೊಡೆಯದಿದ್ದರೆ ಋತು ಮುಗಿದು ಹದಿನೈದು ದಿನದೊಳಗೆ ಕಳಿಸಬೇಕು.

ಅಮೆರಿಕದಲ್ಲಿ ನೆಲೆನಿಂತ ಕನ್ನಡಿಗರಲ್ಲಿ ಯಾರಿಗಾದರೂ ಈ ಹಂಬಲವಿದ್ದರೆ ಅವರು ಮೊದಲು ನೋಡಿಕೊಳ್ಳಬೇಕಾದದ್ದು ತಮ್ಮ ಕಾಗದಪತ್ರಗಳನ್ನು. ಗೈಡಿಲ್ಲದೆ ಹೋಗುವ ಸ್ವಾತಂತ್ರ್ಯ ಅಮೆರಿಕದ ಪೌರರಿಗೂ ಅಲ್ಲಿ ಸ್ಥಿರವಾಗಿ ನೆಲೆಸಿದವರಿಗೂ ಉಂಟು. ಬೆಂಗಳೂರಿನಿಂದ ಹೊರಟು ಹೋಗುವವರಿಗೆ, ಮೂಸ್ ಸೇರಿ ಯಾವ ದೊಡ್ಡ ಮೃಗದ ಬೇಟೆಗೂ ಗೈಡು ಕಡ್ಡಾಯ, ಪರವಾನಗಿಯ ಶುಲ್ಕವೂ ಹೆಚ್ಚು. ಹೊರಲು ಮನಸ್ಸಿಲ್ಲದವರು, ಕೊಂಬಿನ ಹರವಿನ ಮೇಲೆಯೇ ಕಣ್ಣಿಟ್ಟವರು, ಪೌರರೇ ಆಗಿದ್ದರೂ ಗೈಡಿಗೆ ಹಣ ತೆತ್ತು ಹೋಗುವುದು ತಮಗೂ ಕಾಡಿಗೂ ಒಳ್ಳೆಯದು. ಚೀಟಿ ಎತ್ತುವ ವಿಭಾಗಗಳಿಗೆ ಅರ್ಜಿಯ ಕಾಲ ನವೆಂಬರ್ 1ರಿಂದ ಡಿಸೆಂಬರ್ 15ರವರೆಗೆ, ಫಲಿತಾಂಶ ಫೆಬ್ರವರಿಯಲ್ಲಿ. ಬೇಟೆಯ ನಿಯಮಾವಳಿಯ ವರ್ಷ ಜುಲೈ 1ಕ್ಕೆ ಆರಂಭವಾಗುತ್ತದೆ. ಹಿಂದಿನ ವರ್ಷದ ಪುಸ್ತಕವನ್ನಾಗಲಿ, ಈ ಲೇಖನವನ್ನಾಗಲಿ ನೆಚ್ಚದೆ, ಆ ವರ್ಷದ ಹೊಸ ಪುಸ್ತಕವನ್ನು ತರಿಸಿ ಓದಿಯೇ ವಿಮಾನಕ್ಕೆ ಮುಂಗಡ ಕೊಡಿ.